ಅಂಗೈ ಅಳತೆಯ ಎತ್ತು

ಲೋಕಾಪುರದ ಸುತ್ತಲಿನ ಎರಿ ಹೊಲಗಳು ಮೇ ತಿಂಗಳ ಕೊನೆಗೆ ಬಾಯಿ ಬಿಟ್ಟಿರುತ್ತವೆ. ಕೆಲವು ಬಿರುಕುಗಳಲ್ಲಿ ಮೊಣಕೈವರೆಗೆ ಕೈ ಇಳಿಯುತ್ತದೆ. ಮುಂಗಾರಿನ ಒಂದೆರಡು ಮಳೆ ಬಿದ್ದವೆಂದರೆ ಅದೇ ಮಣ್ಣು ಉಬ್ಬಿ ಬಿರುಕು ಮುಚ್ಚುತ್ತದೆ, ನಡೆದವರ ಕಾಲಿಗೆ ಮೆತ್ತಿಕೊಳ್ಳುತ್ತದೆ. ಆ ಹೊತ್ತಿಗೆ ಕಾರ ಹುಣ್ಣಿಮೆ. ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಕರಿ ಹರಿಯುತ್ತಾರೆ. ಅದಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಅಂದು ಪೂಜೆ ಕೊಟ್ಟಿಗೆಯ ಎತ್ತಿಗಲ್ಲ, ಜಗಲಿಯ ಮೇಲೆ ಕೂರಿಸಿದ ಮಣ್ಣಿನ ಜೋಡೆತ್ತಿಗೆ. ಒಂದೇ ಪ್ರಾಣಿಗೆ ಒಂದೇ ತಿಂಗಳಲ್ಲಿ ಎರಡು ಪೂಜೆ, ಎರಡು ಬೇರೆ ಬೇರೆ ಅಳತೆಯಲ್ಲಿ. ಹಕ್ಕಿ, ಹುಳುಗಳ ಜೊತೆ ಈ ಅಳತೆಯ ಸಂಗತಿಯನ್ನೂ ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆಯುತ್ತ ಬಂದಿದ್ದೇನೆ.

ಅಮಾವಾಸ್ಯೆಗೆ ವಾರವಿರುವಾಗ ಕುಂಬಾರರ ಓಣಿಯಲ್ಲಿ ಕೂತರೆ ನೋಡುವುದಕ್ಕೆ ಬೇಕಾದಷ್ಟಿದೆ. ಹೊಲದ ಎರಿಮಣ್ಣು ಒಂದೇ ಸಾಲದು, ಒಣಗುವಾಗ ವಿಪರೀತ ಕುಗ್ಗುತ್ತದೆ. ಹಳ್ಳದ ದಂಡೆಯ ಜೇಡಿಗೆ ಬೂದಿ, ಸಣ್ಣ ಉಸುಕು ಬೆರೆಸಿ ತುಳಿದು ಹದ ಮಾಡುತ್ತಾರೆ. ಮೊದಲು ಒಂದು ಉಂಡೆ. ಅದನ್ನು ಉದ್ದಕ್ಕೆ ಹೊಸೆದರೆ ಮೈ. ಕೆಳಗೆ ನಾಲ್ಕು ಕಡೆ ಚಿವುಟಿ ಎಳೆದರೆ ಕಾಲು. ಬೆನ್ನ ಮೇಲೆ ಎರಡು ಬೆರಳು ಕೂಡಿಸಿ ಮೇಲಕ್ಕೆ ಒತ್ತಿದರೆ ಇಣಿ ಏಳುತ್ತದೆ. ಕೋಡನ್ನು ಮಾತ್ರ ಬೇರೆ ಹೊಸೆದು ಕೊನೆಗೆ ಹಚ್ಚುತ್ತಾರೆ. ಯಾಕೆಂದು ಎತ್ತು ಮಾಡುತ್ತಿದ್ದ ಆಯಿಯನ್ನು ಕೇಳಿದೆ.

"ಮೊದಲ ಹಚ್ಚಿದ್ರ ಮೈಕಿಂತ ಕೋಡು ಲಗೂನ ಒಣಗ್ತಾವ ತಮ್ಮಾ. ಒಣಗಿದ್ದು ಹಸಿ ಮಣ್ಣಿನ ಕೂಡ ನಿಲ್ಲಂಗಿಲ್ಲ, ಪಟ್ಟನ ಮುರೀತಾವ."

"ಮತ್ತ ಕಿವಿ, ಆಯಿ?"

"ಇಷ್ಟ ಸಣ್ಣ ಎತ್ತಿಗೆ ಕಿವಿ ಯಾಕ ಬೇಕು? ಇಣಿ ಕಂಡ್ರ ಸಾಕು, ಎತ್ತಂತ ಗೊತ್ತಾಕ್ಕತಿ."

ಈ ಮಾತನ್ನು ಪರೀಕ್ಷಿಸಿ ನೋಡಬಹುದು. ನಮ್ಮ ಭಾಗದ ಖಿಲಾರಿ ಎತ್ತಿನ ಕೋಡು ಹಣೆಯ ನಡುವೆ ಒತ್ತೊತ್ತಾಗಿ ಹುಟ್ಟಿ, ಹಿಂದಕ್ಕೆ ಬಾಗಿ, ಬಿಲ್ಲಿನಂತೆ ಮೇಲೇಳುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸಾಂಗಲಿ ಮೊದಲಾದ ಸಂಸ್ಥಾನಗಳ ದೊರೆಗಳು ಬೆಳೆಸಿದ ಕೃಷ್ಣಾ ಕಣಿವೆ ತಳಿಗೆ ಕೋಡು ಗಿಡ್ಡ, ಮೈ ಭಾರ. ಮಣ್ಣೆತ್ತಿನಲ್ಲಿ ಈ ಭೇದಗಳೆಲ್ಲ ಅಳಿದುಹೋಗಿ ಇಣಿ, ಕೋಡು, ಮುಂದೆ ಚಾಚಿದ ಕುತ್ತಿಗೆ ಉಳಿಯುತ್ತವೆ. ಇಣಿಯಂತೂ ಜೀವಂತ ಎತ್ತಿನಲ್ಲಿ ಇರುವುದಕ್ಕಿಂತ ದೊಡ್ಡದು. ದೊಡ್ಡದನ್ನು ಚಿಕ್ಕದು ಮಾಡುವಾಗ ಎಲ್ಲವನ್ನೂ ಸಮನಾಗಿ ಇಳಿಸುವುದಿಲ್ಲ. ಯಾವುದರಿಂದ ಗುರುತು ಸಿಗುತ್ತದೋ ಅದನ್ನು ಉಳಿಸಿ, ಬೆಳೆಸಿ, ಮಿಕ್ಕದ್ದನ್ನು ಬಿಡುತ್ತಾರೆ. ಕಣ್ಣಿಗೆ ಜೋಳದ ಕಾಳೋ ಗುಲಗಂಜಿಯೋ ಸಾಕು. ಒಂದು ಕಾಲಕ್ಕೆ ಅಕ್ಕಸಾಲಿಗರು ಬಂಗಾರ ತೂಗಿದ್ದು ಇದೇ ಗುಲಗಂಜಿಯಿಂದ: ಸುಮಾರು 0.12 ಗ್ರಾಂ ತೂಕದ ಬೀಜ.

ಇನ್ನು ಕಾಲು. ಮಣ್ಣೆತ್ತಿನ ಕಾಲು ಮೋಟು, ದಪ್ಪ. ಭಾರ ಹೊರಲು ಹೀಗಿದೆ ಎಂದು ಮೇಲುನೋಟಕ್ಕೆ ಅನಿಸುತ್ತದೆ. ಲೆಕ್ಕ ಹಾಕಿದರೆ ಹಾಗಲ್ಲ. ಯಾವುದೇ ಪ್ರಾಣಿಯ ಉದ್ದವನ್ನು ಹತ್ತರಲ್ಲಿ ಒಂದು ಭಾಗಕ್ಕೆ ಇಳಿಸಿದರೆ ತೂಕ ಸಾವಿರದಲ್ಲಿ ಒಂದಕ್ಕೆ ಇಳಿಯುತ್ತದೆ, ಕಾಲಿನ ಅಡ್ಡಕೊಯ್ತ ನೂರರಲ್ಲಿ ಒಂದಕ್ಕೆ ಮಾತ್ರ. ಅಂದರೆ ಸಣ್ಣ ಎತ್ತಿನ ಕಾಲಿಗೆ ಭಾರ ಹತ್ತು ಪಟ್ಟು ಹಗುರ. ಗೆಲಿಲಿಯೊ 1638ರ ತನ್ನ ಪುಸ್ತಕದಲ್ಲಿ ಸಣ್ಣ ಪ್ರಾಣಿಯ ಎಲುಬಿನ ಪಕ್ಕ ದೊಡ್ಡ ಪ್ರಾಣಿಯ ಎಲುಬನ್ನು ಬರೆದು ತೋರಿಸಿದ್ದು ಇದನ್ನೇ: ದೊಡ್ಡದಾದಷ್ಟೂ ಎಲುಬು ಅಳತೆ ಮೀರಿ ದಪ್ಪಗಾಗಬೇಕು. 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1926ರಲ್ಲಿ ಇದರ ಮೇಲೆಯೇ ಪ್ರಸಿದ್ಧ ಪ್ರಬಂಧ ಬರೆದರು. ಹಾಗಾದರೆ ಮಣ್ಣೆತ್ತಿನ ಕಾಲು ದಪ್ಪವಾಗಿರುವುದು ಭಾರಕ್ಕಲ್ಲ. ಒಣಗುವಾಗ ಸೀಳಬಾರದು, ಮಕ್ಕಳ ಹಿಡಿತಕ್ಕೆ ಮುರಿಯಬಾರದು ಎಂದು. ಅದೇ ಸುಡದ ಮಣ್ಣಿನಲ್ಲಿ ಆಳೆತ್ತರದ ಎತ್ತು ಮಾಡಹೋದರೆ ಒಳಗೆ ಕಟ್ಟಿಗೆ, ಹುಲ್ಲಿನ ಹಂದರವಿಲ್ಲದೆ ನಿಲ್ಲದು. ಬರಿಯ ಮಣ್ಣಿನಿಂದ, ಬರಿಯ ಬೆರಳಿನಿಂದ ಎತ್ತು ಹುಟ್ಟಬೇಕಾದರೆ ಅದು ಈ ಅಳತೆಯಲ್ಲೇ ಹುಟ್ಟಬೇಕು.

ನೆರಳಿಗಿಟ್ಟ ಎತ್ತನ್ನು ಭೂತಗನ್ನಡಿಯಲ್ಲಿ ನೋಡಿದೆ. ಹಸಿಯಿದ್ದಾಗ ಗೇಣಿಗೆ ಬೆರಳಷ್ಟು ಕಡಿಮೆಯಿತ್ತು; ಒಣಗಿದ ಮೇಲೆ ಮತ್ತೆ ಅರ್ಧ ಬೆರಳು ಇಳಿದಿತ್ತು. ಇಣಿಯ ಬುಡದಲ್ಲಿ ಕೂದಲೆಳೆಯ ಬಿರುಕುಗಳು, ಮೂರು ಮೂರು ಕವಲಾಗಿ ಕೂಡಿಕೊಂಡಿದ್ದವು. ಮೇ ತಿಂಗಳಲ್ಲಿ ಹೊಲದಲ್ಲಿ ಕಂಡದ್ದೂ ಇದೇ ವಿನ್ಯಾಸ. ಅಲ್ಲಿ ಮೊಣಕೈ ಇಳಿದಿತ್ತು, ಇಲ್ಲಿ ಸೂಜಿ ಇಳಿಯದು. ಕುಂಬಾರರು ಮಣ್ಣು ತೆಗೆದ ಗುಂಡಿಯ ಅಂಚಿನಲ್ಲೇ ಕುಂಬಾರ ಹುಳ ಕೂತು ಬಾಯಲ್ಲಿ ಕಡಲೆಗಿಂತ ಚಿಕ್ಕ ಉಂಡೆ ಕಟ್ಟುತ್ತಿತ್ತು. ಅದು ಕಟ್ಟುವ ಗಡಿಗೆ ಒಂದು ಮೊಟ್ಟೆಗೆ, ಆ ಮರಿಯ ಊಟಕ್ಕೆ ಹಿಡಿದು ತುಂಬಿದ ಕಂಬಳಿಹುಳುಗಳಿಗೆ ಸರಿಹೋಗುವಷ್ಟೇ.

ಕಲೆಯ ಇತಿಹಾಸದ ಪುಸ್ತಕಗಳಲ್ಲಿ ಮೊದಲು ಕಳೆದುಹೋಗುವುದು ಈ ಅಳತೆಯೇ. ಮೊಹೆಂಜೊದಾರೊದಲ್ಲಿ 1926ರಲ್ಲಿ ಸಿಕ್ಕ ನರ್ತಕಿಯ ಚಿತ್ರವನ್ನು ಶಾಲೆಯ ಪಠ್ಯದಲ್ಲಿ ನೋಡದವರಿಲ್ಲ. ಆ ಕಂಚಿನ ಹುಡುಗಿಯ ಎತ್ತರ ಹತ್ತೂವರೆ ಸೆಂಟಿಮೀಟರ್. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಎದುರು ನಿಂತವರು ಇಷ್ಟು ಸಣ್ಣದೇ ಎಂದು ಬೆರಗಾಗುತ್ತಾರೆ. ಮಹಾರಾಷ್ಟ್ರದ ದೈಮಾಬಾದಿನಲ್ಲಿ 1974ರಲ್ಲಿ ದೊರೆತ ಕಂಚಿನ ಬಂಡಿ, ಎತ್ತಿನ ಜೋಡಿ, ಹೊಡೆಯುವವ ಎಲ್ಲ ಸೇರಿ 45 ಸೆಂಟಿಮೀಟರ್ ಉದ್ದ. ನಮ್ಮದೇ ರಾಯಚೂರು ಸೀಮೆಯ ಪಿಕ್ಲಿಹಾಳದಲ್ಲಿ ಪುರಾತತ್ತ್ವಜ್ಞ ಆಲ್ಚಿನ್ ಅಗೆದಾಗ ನವಶಿಲಾಯುಗದ ಇಣಿಯುಳ್ಳ ಮಣ್ಣೆತ್ತುಗಳು ಸಿಕ್ಕವು. ಫೋಟೋದಲ್ಲಿ ನಾಣ್ಯವೂ ಗೋಪುರವೂ ಒಂದೇ ಗಾತ್ರಕ್ಕೆ ಬರುವುದನ್ನು ಫ್ರಾನ್ಸಿನ ಲೇಖಕ ಆಂದ್ರೆ ಮಾಲ್ರೋ 1947ರಲ್ಲಿ ಗುರುತಿಸಿ, ಇದರಿಂದ ಕಿರು ಕಲೆಗಳಿಗೂ ಹಿರಿತನ ಬಂತೆಂದು ಮೆಚ್ಚಿದ. ನನಗೆ ಒಪ್ಪಿಗೆಯಿಲ್ಲ. ಅಂಗೈಯಲ್ಲಿ ಹಿಡಿಯಲೆಂದೇ ಮಾಡಿದ್ದನ್ನು ಪುಟದ ತುಂಬ ಹಿಗ್ಗಿಸಿದರೆ ಅದಕ್ಕೆ ಇರದ ಹಿರಿತನ ಬರಬಹುದು, ಇದ್ದ ಅರ್ಥ ಹೋಗುತ್ತದೆ.

ಅಳತೆಯೇ ಅರ್ಥವಾಗುವುದನ್ನು ನೋಡಲು ನಮ್ಮ ಜಿಲ್ಲೆ ಬಿಟ್ಟು ಹೋಗಬೇಕಿಲ್ಲ. ಬಾದಾಮಿಯ ಎರಡನೆಯ ಗುಹೆಯಲ್ಲಿ ಕೊಡೆ ಹಿಡಿದ ಗಿಡ್ಡ ವಾಮನನೂ ಕಾಲೆತ್ತಿದ ತ್ರಿವಿಕ್ರಮನೂ ಒಂದೇ ಫಲಕದಲ್ಲಿದ್ದಾರೆ. ಒಬ್ಬನೇ ದೇವರು, ಎರಡು ಅಳತೆ. ಕಥೆಯೆಲ್ಲ ಆ ಎರಡರ ನಡುವೆ ನಡೆದುಹೋಗಿದೆ. 578ರ ಮೂರನೆಯ ಗುಹೆಯಲ್ಲೂ ತ್ರಿವಿಕ್ರಮನಿದ್ದಾನೆ, ಅದರ ಪೀಠದ ಪಟ್ಟಿಯಲ್ಲಿ ಗಣಗಳ ಸಾಲಿದೆ. ಆ ಗಣಗಳನ್ನು ನೋಡಬೇಕೆಂದರೆ ಮೊಣಕಾಲೂರಿ ಕೂರಬೇಕು. ಪಟ್ಟದಕಲ್ಲಿನಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ, ಅವಳ ತಂಗಿ ತ್ರೈಲೋಕ್ಯಮಹಾದೇವಿ ಕಟ್ಟಿಸಿದ ಮಲ್ಲಿಕಾರ್ಜುನ ಅಕ್ಕಪಕ್ಕದಲ್ಲಿವೆ. ವಿನ್ಯಾಸ ಬಹುಪಾಲು ಒಂದೇ, ತಂಗಿಯದು ತುಸು ಚಿಕ್ಕದು. ವಿರೂಪಾಕ್ಷದ ಶಿಖರವನ್ನು ನಿಧಾನವಾಗಿ ನೋಡಿ: ಅಂತಸ್ತು ಅಂತಸ್ತಿಗೂ ಕೂಟ, ಶಾಲೆಗಳೆಂಬ ಪುಟ್ಟ ಗುಡಿಗಳ ಹಾರ. ದೊಡ್ಡ ಗುಡಿಯೇ ಸಣ್ಣ ಗುಡಿಗಳಿಂದ ಕಟ್ಟಿಕೊಂಡಿದೆ. ಎದುರಿಗೆ ಆಳೆತ್ತರ ಮೀರಿದ ಕರಿಗಲ್ಲಿನ ನಂದಿ ಮಲಗಿದೆ. ಅದೂ ಎತ್ತೇ. ಅದರ ಸುತ್ತ ನಾವು ನಡೆಯುತ್ತೇವೆ. ಮಣ್ಣೆತ್ತನ್ನು ಕೈಯಲ್ಲಿ ತಿರುಗಿಸುತ್ತೇವೆ.

ಅಮಾವಾಸ್ಯೆಯ ದಿನ ಜೋಡೆತ್ತಿನ ಮುಂದೆ ಮಣ್ಣಿನದೇ ಗ್ವಾದಲಿ, ಅಂದರೆ ಮೇವಿನ ತೊಟ್ಟಿ, ಇಟ್ಟು, ನೈವೇದ್ಯ ಹಿಡಿಯುತ್ತಾರೆ. ಮರುದಿನ ಮಕ್ಕಳು ಒಬ್ಬನನ್ನು ಕುಂಟೆತ್ತು ಮಾಡಿಕೊಂಡು, ಹಾಡುತ್ತ ಮನೆ ಮನೆಗೆ ಹೋಗಿ ಕಾಳು ಬೇಡಿ ತರುತ್ತಾರೆ. ಆಮೇಲೆ ಮಣ್ಣೆತ್ತುಗಳು ನೀರಿಗೆ. ಸುಟ್ಟಿರುವುದಿಲ್ಲವಾದ್ದರಿಂದ ಬೇಗ ಕರಗುತ್ತವೆ: ಮೊದಲು ಕೋಡು ಕಳಚುತ್ತದೆ, ಕಾಲು ಕುಸಿಯುತ್ತದೆ, ಇಣಿ ಕೊನೆಯವರೆಗೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಆಷಾಢಕ್ಕೆ ಗುಳ್ಳವ್ವ, ಶ್ರಾವಣಕ್ಕೆ ನಾಗಪ್ಪ, ಭಾದ್ರಪದಕ್ಕೆ ಗಣಪ್ಪ, ಜೋಕುಮಾರ. ಮಳೆಗಾಲವಿಡೀ ಮಣ್ಣಿನ ಪೂಜೆ.

ಈಚೆಗೆ ಸಂತೆಗಳಿಗೆ ಅಚ್ಚಿನಲ್ಲಿ ಹೊಯ್ದ ಪ್ಲಾಸ್ಟರಿನ ಎತ್ತುಗಳು ಬರತೊಡಗಿವೆ. ಕಿವಿ, ರೆಪ್ಪೆ, ಮೂಗುದಾರ ಎಲ್ಲ ಇರುತ್ತವೆ, ಗಾತ್ರವೂ ಹೆಚ್ಚು. ನೀರಿಗೆ ಬಿಟ್ಟರೆ ಮಣ್ಣಿನಂತೆ ಕರಗುವುದಿಲ್ಲ. ಕುಂಬಾರರ ಬೆರಳಿಗೆ ಗೊತ್ತಿದ್ದ ಆಯ್ಕೆ, ಯಾವುದನ್ನು ಬಿಡಬೇಕು, ಯಾವುದನ್ನು ಬೆಳೆಸಬೇಕು ಎಂಬುದು, ಅಚ್ಚಿಗೆ ಗೊತ್ತಿಲ್ಲ.

ಲೋಕಾಪುರದ ಸುತ್ತಿನ ಸುಣ್ಣಗಲ್ಲು, ಡಾಲಮೈಟುಗಳನ್ನು ಓದಲು ಬರುವ ಭೂವಿಜ್ಞಾನಿಗಳು ಬಂಡೆಯ ಫೋಟೋ ತೆಗೆಯುವ ಮೊದಲು ಅದರ ಪಕ್ಕ ಸುತ್ತಿಗೆಯನ್ನೋ ನಾಣ್ಯವನ್ನೋ ಇಡುತ್ತಾರೆ. ಇಲ್ಲದಿದ್ದರೆ ನೋಡಿದವರಿಗೆ ಅದು ಗುಡ್ಡವೋ ಹರಳೋ ತಿಳಿಯದು. ಈ ಸಲದ ಅಮಾವಾಸ್ಯೆಗೆ ಓಣಿಯ ಕುಂಬಾರರಿಂದಲೇ ಸುಡದ ಮಣ್ಣಿನ ಜೋಡಿ ತನ್ನಿ. ಮಕ್ಕಳ ಕೈಗೆ ಕೊಡಿ, ಅವರೂ ಒಂದು ಮಾಡಿ ನೋಡಲಿ. ಮೊಬೈಲಿನಲ್ಲಿ ಫೋಟೋ ತೆಗೆಯುವುದಾದರೆ ಎತ್ತಿನ ಪಕ್ಕದಲ್ಲಿ ಒಂದು ಜೋಳದ ಕಾಳು ಇಟ್ಟು ತೆಗೆಯಿರಿ.