ಸರಾಸರಿಯೊಳಗಿನ ಗೆರೆ

ಸಂಖ್ಯಾಶಾಸ್ತ್ರದ ಪಠ್ಯಗಳಲ್ಲಿ ಸರಾಸರಿಗೆ ಒಂದು ಅಧ್ಯಾಯ, ಎರಡು ಗುಂಪುಗಳ ಹೋಲಿಕೆಗೆ ಇನ್ನೊಂದು. ರೇಖೀಯ ಮಾದರಿ ಕೊನೆಗೆಲ್ಲೋ ವಿದ್ಯಾರ್ಥಿಯನ್ನು ಹೆದರಿಸಲು ಕಾದು ಕುಳಿತಿರುತ್ತದೆ. ಈ ವಿಂಗಡಣೆಗೆ ಇತಿಹಾಸವೇ ಕಾರಣ, ತರ್ಕವಲ್ಲ. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ಗಾಸೆಟ್ 1908ರಲ್ಲಿ ಸರಾಸರಿಗಳ ಪರೀಕ್ಷೆಯನ್ನು ಕಟ್ಟಿದರು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಫಿಶರ್ 1920ರ ದಶಕದಲ್ಲಿ ಗುಂಪುಗಳ ನಡುವಿನ ವ್ಯತ್ಯಾಸದ ವಿಶ್ಲೇಷಣೆಯನ್ನು ಬೆಳೆಸಿದರು. ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ 1965ರಲ್ಲಿ ಪ್ರಕಟಿಸಿದ ರೇಖೀಯ ಅನುಮಾನದ ಗ್ರಂಥ ಇವುಗಳ ಬೇರು ಒಂದೇ ಎಂದು ತೋರಿಸುವಂಥದ್ದು. ಆದರೆ ಆ ಬೇರನ್ನು ಕಾಣಲು ದೊಡ್ಡ ಗ್ರಂಥವೇ ಬೇಕಿಲ್ಲ, ಕೂಡುವುದು ಕಳೆಯುವುದು ಬಂದರೆ ಸಾಕು.

ರಾಯಚೂರಿನ ಗುಂಜಹಳ್ಳಿಯಂಥ ಊರಲ್ಲಿ ಎಂಟು ಹತ್ತಿ ಹೊಲ ಇವೆ ಎಂದು ಲೆಕ್ಕಕ್ಕಾಗಿ ಊಹಿಸೋಣ. ಮಳೆ ನಂಬಿದ ನಾಲ್ಕರಲ್ಲಿ ಎಕರೆಗೆ 4, 6, 5, 5 ಕ್ವಿಂಟಲ್. ನೀರು ಕಂಡ ನಾಲ್ಕರಲ್ಲಿ 9, 7, 8, 8. ಯಾವ ಹೊಲ ಎಂದು ಹೇಳದೆ ಇಳುವರಿ ಊಹಿಸು ಎಂದರೆ ಎಂಟರ ಸರಾಸರಿಯಾದ 6.5 ಎನ್ನುವುದೇ ಜಾಣತನ, ಏಕೆಂದರೆ ತಪ್ಪಿದ ಅಂತರಗಳನ್ನು ವರ್ಗ ಮಾಡಿ ಕೂಡಿಸಿದಾಗ ಬರುವ ಮೊತ್ತ ಬೇರೆ ಯಾವ ಸಂಖ್ಯೆ ಹಿಡಿದರೂ ಇದಕ್ಕಿಂತ ಕಡಿಮೆಯಾಗದು. ಆ ಮೊತ್ತ 22. ಈಗ ನೀರಿಲ್ಲದ ಹೊಲಕ್ಕೆ 0, ನೀರಿರುವುದಕ್ಕೆ 1 ಎಂದು ಒಂದು ಅಂಕಣದಲ್ಲಿ ಗುರುತು ಹಾಕಿ, ತಪ್ಪು ಕನಿಷ್ಠವಾಗುವಂತೆ ಗೆರೆ ಎಳೆಯಿರಿ. ಗೆರೆ 5ರಲ್ಲಿ ಹೊರಟು 3 ಏರುತ್ತದೆ. ಆ 5 ಒಣ ಹೊಲಗಳ ಸರಾಸರಿ. ಆ 3 ಎರಡು ಸರಾಸರಿಗಳ ನಡುವಿನ ಅಂತರ. ತಪ್ಪಿನ ಮೊತ್ತ 4ಕ್ಕೆ ಇಳಿಯಿತು. ಕಳೆದುಹೋದ 18ನ್ನು ಉಳಿದ 4ರೊಂದಿಗೆ ತೂಗಿ ನೋಡುವುದೇ ಫಿಶರ್ ಅವರ ವಿಶ್ಲೇಷಣೆ, ಗುಂಪು ಎರಡೇ ಇದ್ದಾಗ ಗಾಸೆಟ್ ಅವರ ಪರೀಕ್ಷೆಯೂ ಅದೇ. ಹೆದರಿಸಲು ಕಾದಿದ್ದ ರೇಖೀಯ ಮಾದರಿ ಎಂದರೆ ಈ ಗೆರೆಯೇ.

ನಿಸರ್ಗ ನೇರ ಗೆರೆಯಲ್ಲಿ ನಡೆಯುವುದೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಹತ್ತಿಗೆ ಮಳೆ ಬೇಕು, ಬಿಡದೆ ಸುರಿದರೆ ಕಾಯಿ ಕೊಳೆಯುತ್ತದೆ. ಮಳೆಯ ಅಂಕಣದ ಪಕ್ಕ ಅದರ ವರ್ಗದ ಅಂಕಣವನ್ನೂ ಇಟ್ಟರೆ ಏರಿ ಇಳಿಯುವ ಬಾಗು ಇದೇ ಮಾದರಿಯಲ್ಲಿ ಸಿಗುತ್ತದೆ. ಮಾದರಿ ಕೇಳುವುದು ಅಂಕಣಗಳನ್ನು ಒಂದೊಂದು ಸಂಖ್ಯೆಯಿಂದ ಗುಣಿಸಿ ಕೂಡಿಸಲು ಬರಬೇಕೆಂಬುದನ್ನಷ್ಟೇ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ: ಆ 3 ಕ್ವಿಂಟಲ್ ನೀರಿನದೇ ಎಂದು ಯಾರು ಹೇಳಿದರು? ಕಾಲುವೆ ಮೇಲ್ಭಾಗದ ಹೊಲ ಎರೆ ಭೂಮಿಯಾಗಿರಬಹುದು, ಒಣ ಹೊಲ ಮಸಾರಿ. ನೀರಿನ ಭರವಸೆ ಇದ್ದವರು ಗೊಬ್ಬರವನ್ನೂ ಹೆಚ್ಚು ಹಾಕಿರಬಹುದು. ಪ್ರಯೋಗದಲ್ಲಾದರೆ ಚೀಟಿ ಎತ್ತಿ ನೀರು ಹಂಚಬಹುದು, ಫಿಶರ್ ಅದನ್ನೇ ಒತ್ತಾಯಿಸಿದರು. ಊರಿನ ಹೊಲಗಳಲ್ಲಿ ಅದು ಆಗದು. ಮಣ್ಣಿಗೊಂದು, ಗೊಬ್ಬರಕ್ಕೊಂದು ಅಂಕಣ ಸೇರಿಸಿ, ಒಂದೇ ಬಗೆಯ ಮಣ್ಣಿನೊಳಗೆ ನೀರಿನ ಅಂತರ ಎಷ್ಟೆಂದು ಕೇಳಬೇಕು. ಅಷ್ಟಾದರೂ ನಾವು ಅಳೆಯದ ಕಾರಣ ಹೊರಗೇ ಉಳಿಯುತ್ತದೆ, ಮತ್ತು ಪ್ರತಿ ಅಂಕಣವೂ ದತ್ತಾಂಶವನ್ನು ತಿನ್ನುತ್ತದೆ. ಈ ಇಕ್ಕಟ್ಟು ರೈತರಿಗೆ ತಟ್ಟುವುದು ಬೆಳೆ ವಿಮೆಯಲ್ಲಿ. 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ವಿಮೆಯ ಘಟಕ. ಬೆರಳೆಣಿಕೆಯ ಬೆಳೆ ಕಟಾವು ಪ್ರಯೋಗಗಳ ಸರಾಸರಿಯೇ ಪರಿಹಾರವನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಎರೆಗೂ ಮಸಾರಿಗೂ ಒಂದೇ ಸಂಖ್ಯೆ ಎಂಬ ರೈತರ ಸಿಟ್ಟು ಸರಿಯೇ. ಆದರೆ ನಾಲ್ಕು ತಾಕುಗಳ ಕಟಾವಿನಿಂದ ಮಣ್ಣು, ನೀರು, ಗೊಬ್ಬರ ಮೂರರ ಲೆಕ್ಕ ತೆಗೆದರೆ, ಆರಂಭದ ಸಂಖ್ಯೆಯೂ ಸೇರಿ ನಾಲ್ಕು ಅಂಕಿ ಹುಡುಕಿದಂತಾಗಿ ಗೆರೆ ಪ್ರತಿ ತಾಕನ್ನೂ ಮುಟ್ಟಿ ಹೋಗುತ್ತದೆ, ತಪ್ಪು ಎಷ್ಟೆಂದು ಅಳೆಯಲು ಏನೂ ಉಳಿಯುವುದಿಲ್ಲ. ಮೊದಲು ಹೆಚ್ಚಬೇಕಾದದ್ದು ಕಟಾವು ಮಾಡುವ ತಾಕುಗಳು.