ಹತ್ತು ತಾಸಿನ ಹಾಲು

ಗುಂಜಿಯಿಂದ ಬೆಳಗಾವಿಗೆ ದಿನಾ ಕೆಲಸಕ್ಕೆ ಹೋಗಿಬರುವ ಹೆಣ್ಣುಮಗಳು ಮನೆಯಿಂದ ದೂರ ಇರುವುದು ಹೆಚ್ಚುಕಡಿಮೆ ಹತ್ತು ತಾಸು. ಖಾನಾಪುರ ದಾಟಿ ಲೋಂಡಾ ದಿಕ್ಕಿಗೆ ಹೋದರೆ ಕಾಡಿನ ಅಂಚಿನಲ್ಲಿ ಸಿಗುವ ಊರು ಇದು, ಮಾವುಲಿ ದೇವಿಯ ಗುಡಿಗೆ ಹೆಸರಾದದ್ದು. ರೈಲು ನಿಲ್ದಾಣವೇನೋ ಇದೆ, ಆದರೆ ಎಲ್ಲ ಗಾಡಿಗಳೂ ಇಲ್ಲಿ ನಿಲ್ಲುವುದಿಲ್ಲ. ಮನೆಯಲ್ಲಿ ಐದು ತಿಂಗಳ ಕೂಸನ್ನು ಅತ್ತೆಯ ಮಡಿಲಲ್ಲಿ ಬಿಟ್ಟು ಹೊರಡುವವಳಿಗೆ ಈ ಹತ್ತು ತಾಸು ಬಹಳ ಉದ್ದ. ಬರೀ ಎದೆಹಾಲು ಕುಡಿಯುವ ಕೂಸು ದಿನಕ್ಕೆ ಸರಾಸರಿ 750 ಮಿಲಿಲೀಟರ್ ಆಸುಪಾಸು ಹಾಲು ಕುಡಿಯುತ್ತದೆ. ಕೆಲವು ಇನ್ನೂ ಕಡಿಮೆ, ಕೆಲವು ಒಂದು ಲೀಟರಿಗೂ ಹೆಚ್ಚು. ಸರಾಸರಿ ಲೆಕ್ಕದಲ್ಲಿ ಹತ್ತು ತಾಸಿಗೆ ಬೇಕಾದದ್ದು ಸುಮಾರು 300 ಮಿಲಿಲೀಟರ್. ಬ್ರೆಸ್ಟ್ ಪಂಪ್ ಕೊಳ್ಳಲು ಹೊರಟವರು ಮೊದಲು ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಡಬ್ಬಿಗಟ್ಟಲೆ ಹಾಲು ತುಂಬಿಸುವ ಯಂತ್ರ ಯಾರಿಗೂ ಬೇಕಾಗಿಲ್ಲ. ಕೆಲಸದ ನಡುವೆ ಎರಡು ಮೂರು ಸಲ, ಸಲಕ್ಕೆ ನೂರು ಮಿಲಿಲೀಟರ್ ಸಿಕ್ಕರೆ ಕೂಸಿನ ಹಗಲು ಕಳೆಯುತ್ತದೆ.

ಅಂಗಡಿಯಲ್ಲಿ ಮೊದಲು ಕೇಳಿಬರುವ ಮಾತು ‘ಎಳೆತ’ದ್ದು. ಎಳೆತ ಜಾಸ್ತಿಯಿದ್ದರೆ ಹಾಲು ಜಾಸ್ತಿ ಎಂದು ಮಾರುವವರು ಹೇಳುತ್ತಾರೆ, ಕೊಳ್ಳುವವರು ನಂಬುತ್ತಾರೆ. ದೇಹ ಹಾಗೆ ಕೆಲಸ ಮಾಡುವುದಿಲ್ಲ.

ಎದೆಯಲ್ಲಿ ಹಾಲು ಒಂದೇ ಕಡೆ ಶೇಖರವಾಗಿ ನಿಂತಿರುವುದಿಲ್ಲ. ಗೊಂಚಲು ಗೊಂಚಲಾಗಿರುವ ಸಣ್ಣ ಚೀಲಗಳಲ್ಲಿ ಅದು ತಯಾರಾಗುತ್ತದೆ, ಬಹುಪಾಲು ಅಲ್ಲಿಯೇ ಉಳಿದಿರುತ್ತದೆ. ಪ್ರತಿಯೊಂದು ಚೀಲದ ಸುತ್ತ ಸ್ನಾಯುವಿನಂಥ ಜೀವಕೋಶಗಳ ಬಲೆಯಿದೆ. ಕೂಸು ಚೀಪತೊಡಗಿದರೆ ಮೊಲೆತೊಟ್ಟಿನ ನರಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ, ಪಿಟ್ಯುಟರಿ ಗ್ರಂಥಿ ಆಕ್ಸಿಟೋಸಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ, ಆ ಬಲೆ ಬಿಗಿದುಕೊಂಡು ಹಾಲನ್ನು ನಾಳಗಳಿಗೆ ದಬ್ಬುತ್ತದೆ. ಆಗಲೇ ಹಾಲು ತೊರೆಯುವುದು. ಕರು ಬಿಡದೆ ಹಿಂಡಲು ಕೂತರೆ ಆಕಳು ಹಾಲು ಏರಿಸಿಕೊಳ್ಳುತ್ತದೆ ಎಂಬುದು ದನ ಕಟ್ಟಿದ ಮನೆಗೆಲ್ಲ ಗೊತ್ತು. ಹೆಣ್ಣಿನ ದೇಹದಲ್ಲಿಯೂ ಅದೇ ಹಾರ್ಮೋನು, ಅದೇ ಕ್ರಮ. ತೊರೆಯದ ಎದೆಯನ್ನು ಎಂಥ ಯಂತ್ರ ಎಳೆದರೂ ನೋವು ಸಿಗುತ್ತದೆಯೇ ಹೊರತು ಹಾಲು ಹೆಚ್ಚು ಸಿಗುವುದಿಲ್ಲ.

ಅಮೆರಿಕದ ಮೈಕಲ್ ಮತ್ತು ನೈಲ್ಸ್ ನ್ಯೂಟನ್ ದಂಪತಿ 1948ರಲ್ಲಿ ಇದನ್ನು ಪ್ರಯೋಗ ಮಾಡಿಯೇ ತೋರಿಸಿದರು. ಹಾಲೂಡಿಸುತ್ತಿದ್ದ ತಾಯಿಗೆ ಒಂದು ದಿನ ಏನೂ ತೊಂದರೆ ಕೊಡದೆ ಕೂಸು ಎಷ್ಟು ಕುಡಿಯಿತೆಂದು ತೂಗಿದರು: 168 ಗ್ರಾಂ. ಬೇರೆ ದಿನಗಳಲ್ಲಿ ಆಕೆಯ ಕಾಲನ್ನು ಮಂಜುಗಡ್ಡೆಯ ನೀರಿನಲ್ಲಿ ಇಡಿಸಿದರು, ಕಾಲ್ಬೆರಳು ಎಳೆದು ನೋಯಿಸಿದರು, ಬಿಡದೆ ಗಣಿತದ ಪ್ರಶ್ನೆ ಕೇಳಿದರು. ಅಂಥ ಹೊತ್ತಿನಲ್ಲಿ ಸಿಕ್ಕಿದ್ದು 99 ಗ್ರಾಂ. ಅಷ್ಟೇ ಕಿರಿಕಿರಿಯ ನಡುವೆ ಆಕ್ಸಿಟೋಸಿನ್ ಇರುವ ಔಷಧಿಯ ಇಂಜೆಕ್ಷನ್ ಕೊಟ್ಟಾಗ ಹಾಲು ಮತ್ತೆ 153 ಗ್ರಾಮಿಗೆ ಏರಿತು. ಅಂದರೆ ಹಾಲು ಎದೆಯಲ್ಲೇ ಇತ್ತು, ತೊರೆ ಬಿಡಲು ಮನಸ್ಸು ಒಪ್ಪಿರಲಿಲ್ಲ. ಚಿಲಕವಿಲ್ಲದ ಸ್ಟೋರ್ ರೂಮಿನಲ್ಲಿ, ಯಾರು ಬಾಗಿಲು ತಳ್ಳುತ್ತಾರೋ ಎಂದು ಕಿವಿ ನೆಟ್ಟುಕೊಂಡು ಪಂಪ್ ಹಚ್ಚಿ ಕೂತ ಶಿಕ್ಷಕಿಗೆ, ಬ್ಯಾಂಕಿನ ಗುಮಾಸ್ತೆಗೆ ಹಾಲು ಬರುವುದಿಲ್ಲವೆಂದರೆ ತಪ್ಪು ಆಕೆಯ ಎದೆಯದ್ದಲ್ಲ. ‘ನನಗೆ ಹಾಲೇ ಇಲ್ಲ’ ಎಂದು ಅಳುತ್ತ ಡಬ್ಬಿ ಹಾಲಿಗೆ ತಿರುಗಿಕೊಳ್ಳುವವರನ್ನು ನೋಡಿದಾಗಲೆಲ್ಲ ಇದನ್ನು ಅವರಿಗೆ ಮೊದಲೇ ಯಾರಾದರೂ ಹೇಳಬೇಕಿತ್ತು ಅನಿಸುತ್ತದೆ.

ಎಳೆತದ ಅಂಕಿಯನ್ನೂ ನೋಡೋಣ. ಪಂಪಿನ ಪೆಟ್ಟಿಗೆಯ ಮೇಲೆ ಅದನ್ನು ಪಾದರಸದ ಮಿಲಿಮೀಟರಿನಲ್ಲಿ ಬರೆದಿರುತ್ತಾರೆ. 250, 300 ಎಂದು ದೊಡ್ಡಕ್ಷರದಲ್ಲಿ. ಆಸ್ಟ್ರೇಲಿಯಾದ ಸಂಶೋಧಕರು ಕೂಸಿನ ಬಾಯೊಳಗಿನ ಒತ್ತಡವನ್ನೇ ಅಳೆದಿದ್ದಾರೆ. ಗಟ್ಟಿಯಾಗಿ ಚೀಪುವಾಗಲೂ ಅದು ಸರಾಸರಿ 145ರ ಹತ್ತಿರ ಮಾತ್ರ. ಹೆಚ್ಚಿನ ತಾಯಂದಿರು ನೋವಿಲ್ಲದೆ ತಾಳಬಲ್ಲ ಗರಿಷ್ಠ ಎಳೆತ 190ರ ಆಸುಪಾಸು ಬರುತ್ತದೆ. ಅದಕ್ಕಿಂತ ಮೇಲಿನ ಅಂಕಿ ಜಾಹೀರಾತಿಗೆ ಬೇಕು, ನಿಮಗಲ್ಲ. ನೋಯದ ಮಟ್ಟದವರೆಗೆ ನಿಧಾನ ಏರಿಸಿ ಅಲ್ಲಿಗೆ ನಿಲ್ಲಿಸಬೇಕು. ನೋವಾದರೆ ತೊರೆ ನಿಲ್ಲುತ್ತದೆ. ಎಳೆತಕ್ಕಿಂತ ಲಯ ಮುಖ್ಯ. ಕೂಸು ಮೊದಲು ಪಟಪಟನೆ ಚೀಪುತ್ತದೆ, ಹಾಲು ಇಳಿದ ಮೇಲೆ ನಿಧಾನವಾಗಿ, ಆಳವಾಗಿ ಎಳೆಯುತ್ತದೆ. ಒಳ್ಳೆಯ ವಿದ್ಯುತ್ ಪಂಪುಗಳಲ್ಲಿ ಇವೆರಡಕ್ಕೂ ಬೇರೆ ಬೇರೆ ಬಟನ್ ಇರುತ್ತದೆ. ಕೈಪಂಪಿನಲ್ಲಿ ನಿಮ್ಮ ಕೈಯೇ ಆ ಲಯ ಹಿಡಿಯಬಹುದು.

ನಿರ್ವಾತದ ಎಳೆತವನ್ನು ಅತಿ ಸರಳವಾಗಿ ಬಳಸಿ ಜಗತ್ತಿಗೇ ಕಲಿಸಿದವರು ನಮ್ಮ ದಾವಣಗೆರೆಯ ವೈದ್ಯರು. ಮೊಲೆತೊಟ್ಟು ಒಳಗೆ ಎಳೆದುಕೊಂಡಿರುವ ತಾಯಂದಿರಿಗಾಗಿ ಡಾ. ನಿರ್ಮಲಾ ಕೇಸರಿ ಮತ್ತು ಅವರ ಸಂಗಡಿಗರು ಬಳಸಿ ಎಸೆಯುವ ಇಂಜೆಕ್ಷನ್ ಸಿರಿಂಜನ್ನೇ ಸಾಧನ ಮಾಡಿಕೊಂಡರು. ಸಿರಿಂಜಿನ ಮೂತಿಯ ಭಾಗ ಕತ್ತರಿಸಿ, ಆ ಕಡೆಯಿಂದ ಒಳದಂಡ ತೂರಿಸಿ, ನುಣುಪಾದ ಇನ್ನೊಂದು ತುದಿಯನ್ನು ಎದೆಗೆ ಹಚ್ಚಿ ಮೆಲ್ಲಗೆ ಎಳೆಯುವುದು. ಕೆಲವು ರೂಪಾಯಿಯ ಈ ಉಪಾಯ 1993ರಲ್ಲಿ ಅಂತರರಾಷ್ಟ್ರೀಯ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು, ಈಗ ಬೇರೆ ದೇಶಗಳ ದಾದಿಯರೂ ಕಲಿಯುತ್ತಾರೆ. ಬೆಲೆ ಹೆಚ್ಚಾದ ಸಾಧನವೇ ಮೇಲು ಎಂಬ ನಂಬಿಕೆ ಗಟ್ಟಿಯಾಗುತ್ತಿರುವ ಈ ಕಾಲದಲ್ಲಿ ಆ ಸಿರಿಂಜನ್ನು ನೆನೆಯಲೇಬೇಕು. ಎದೆಹಾಲು ತೆಗೆಯುವ ವಿಧಾನಗಳ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಕಾಕ್ರೇನ್ ಸಂಸ್ಥೆ 2016ರಲ್ಲಿ ಪ್ರಕಟಿಸಿದ ವಿಮರ್ಶೆಯೂ ಇದೇ ದಿಕ್ಕಿಗೆ ಬೆರಳು ತೋರಿಸುತ್ತದೆ. ಕೈಯಿಂದ ಹಿಂಡುವುದು, ಎದೆ ನೀವುವುದು, ಬಿಸಿ ಶಾಖ, ನಿರಾಳವಾಗಿ ಕೂರುವುದು, ಕಡಿಮೆ ಬೆಲೆಯ ಪಂಪು ಇವೆಲ್ಲ ಕೆಲವು ವಿಷಯಗಳಲ್ಲಿ ದೊಡ್ಡ ವಿದ್ಯುತ್ ಪಂಪಿಗೆ ಸಮ, ಕೆಲವೊಮ್ಮೆ ಮೇಲು.

ಹಾಗಾದರೆ ಯಾವುದು ತರಬೇಕು? ನಿಮ್ಮ ದಿನ ಹೇಗಿದೆ ಎಂಬುದನ್ನು ನೋಡಿ. ಗುಂಜಿಯಲ್ಲೇ ಅಂಗನವಾಡಿ, ಶಾಲೆ, ಪಂಚಾಯಿತಿಯಲ್ಲಿ ಕೆಲಸವಿದ್ದು ಮಧ್ಯಾಹ್ನ ಮನೆಗೆ ಬಂದು ಹೋಗುವಂತಿದ್ದರೆ ಪಂಪೇ ಬೇಡ. ಕೈಯಿಂದ ಹಿಂಡುವುದನ್ನು ಹೆರಿಗೆಯಾದ ಆಸ್ಪತ್ರೆಯಲ್ಲೇ ದಾದಿಯಿಂದ ಕಲಿತುಕೊಳ್ಳಿ. ಖಾನಾಪುರದವರೆಗೆ ಹೋಗಿ ಆರೇಳು ತಾಸಿಗೆ ಮರಳುವವರಿಗೆ ಹಿಡಿಕೆ ಅದುಮುವ ಕೈಪಂಪು ಸಾಕು. ಅದಕ್ಕೆ ಕರೆಂಟು ಬೇಡ, ಸದ್ದಿಲ್ಲ, ಮಳೆಗಾಲದಲ್ಲಿ ಕಾಡಂಚಿನ ಊರುಗಳಲ್ಲಿ ಕರೆಂಟು ಹೋದರೂ ನಿಲ್ಲುವುದಿಲ್ಲ. ಬೆಳಗಾವಿಯಲ್ಲಿ ಪೂರ್ತಿ ದಿನದ ಕೆಲಸ, ವಿರಾಮ ಬರೀ ಹದಿನೈದು ನಿಮಿಷ ಎಂದಾದರೆ ಎರಡೂ ಎದೆಗೆ ಒಟ್ಟಿಗೆ ಹಚ್ಚುವ, ಬ್ಯಾಟರಿ ಇರುವ ವಿದ್ಯುತ್ ಪಂಪಿಗೆ ಹಣ ಹಾಕುವುದು ನ್ಯಾಯ. ಹೊತ್ತು ಅರ್ಧಕ್ಕಿಳಿಯುತ್ತದೆ. ಕುಪ್ಪಸದೊಳಗೇ ಇಟ್ಟುಕೊಳ್ಳುವ ಹೊಸ ಬಗೆಯ ಪಂಪುಗಳು ನೋಡಲು ಅನುಕೂಲ, ಆದರೆ ಬೆಲೆ ಹೆಚ್ಚು, ತೊಟ್ಟು ಸರಿಯಾಗಿ ಕೂತಿದೆಯೇ ಎಂದು ಕಾಣುವುದೂ ಕಷ್ಟ. ಮೊದಲ ಪಂಪಾಗಿ ನಾನು ಅದನ್ನು ಯಾರಿಗೂ ಹೇಳಲಾರೆ.

ಒಂದನ್ನು ಮಾತ್ರ ಕೊಳ್ಳಲೇಬೇಡಿ. ಹಿಂದೆ ರಬ್ಬರಿನ ಬುರುಡೆ ಇರುವ, ಒತ್ತಿ ಬಿಡುವ ಅಗ್ಗದ ಪಂಪು ಔಷಧಿ ಅಂಗಡಿಗಳಲ್ಲಿ ಇನ್ನೂ ಸಿಗುತ್ತದೆ. ಹಾಲು ನೇರ ಬುರುಡೆಯೊಳಗೆ ಹೋಗುತ್ತದೆ, ಅದನ್ನು ಒಳಗಿನಿಂದ ತೊಳೆಯಲು ಆಗುವುದೇ ಇಲ್ಲ, ಎಳೆತ ಹಿಡಿತದಲ್ಲಿ ಇರುವುದಿಲ್ಲ. ನೆಗೆಣ್ಣಿಯದ್ದೋ ಅಕ್ಕನದ್ದೋ ಹಳೆಯ ವಿದ್ಯುತ್ ಪಂಪು ಕೈದಾಟಿ ಬಂದರೂ ಎಚ್ಚರ ಬೇಕು. ಕೆಲವು ಪಂಪುಗಳಲ್ಲಿ ಹಾಲಿಗೂ ಮೋಟಾರಿಗೂ ನಡುವೆ ತಡೆ ಇರುವುದಿಲ್ಲ. ಹನಿ ಒಳಗೆ ಸೇರಿ ಬೂಷ್ಟು ಬೆಳೆದರೆ ಹೊರಗಿನಿಂದ ಕಾಣುವುದಿಲ್ಲ. ಹಲವರು ಬಳಸಬಹುದೆಂದು ತಯಾರಕರೇ ಹೇಳಿದ್ದರೆ ಮಾತ್ರ, ಎದೆಗೆ ತಾಗುವ ಭಾಗಗಳನ್ನೆಲ್ಲ ಹೊಸದು ಹಾಕಿ ಬಳಸಬೇಕು.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಲಾಳಿಕೆಯ ಅಳತೆಯಲ್ಲಿ. ಎದೆಗೆ ಹಚ್ಚುವ ಆ ಭಾಗಕ್ಕೆ ಪೆಟ್ಟಿಗೆಯ ಮೇಲೆ ‘ಫ್ಲೇಂಜ್’ ಎಂದಿರುತ್ತದೆ, ಸಾಮಾನ್ಯವಾಗಿ 24 ಮಿಲಿಮೀಟರಿನದ್ದೇ ಬರುತ್ತದೆ. ಎಲ್ಲರಿಗೂ ಅದು ಹೊಂದುವುದಿಲ್ಲ. ಮಕ್ಕಳ ಕಂಪಾಸ್ ಪೆಟ್ಟಿಗೆಯ ಸ್ಕೇಲು ಹಿಡಿದು ತೊಟ್ಟಿನ ಬುಡದ ಅಗಲ ಅಳೆಯಿರಿ, ಸುತ್ತಲಿನ ಕಪ್ಪು ಭಾಗ ಸೇರಿಸಬೇಡಿ. ಲಾಳಿಕೆಯ ನಾಳ ಆ ಅಳತೆಗಿಂತ ತುಸು ದೊಡ್ಡದಿದ್ದರೆ ಸಾಕು. ಪಂಪು ನಡೆಯುವಾಗ ತೊಟ್ಟು ಮಾತ್ರ ನಾಳದೊಳಗೆ ಹಿಂದೆ ಮುಂದೆ ಆಡಬೇಕು. ತೊಟ್ಟು ಗೋಡೆಗೆ ಉಜ್ಜಿ ಬಿಳಿಚಿಕೊಂಡರೆ ಲಾಳಿಕೆ ಚಿಕ್ಕದು. ಕಪ್ಪು ಭಾಗವೂ ಎಳೆದುಕೊಂಡು ಒಳಹೋದರೆ ದೊಡ್ಡದು. ಪಂಪು ಬದಲಿಸುವ ಮೊದಲು ಲಾಳಿಕೆ ಬದಲಿಸಿ ನೋಡಿದರೆ ಎಷ್ಟೋ ದುಡ್ಡು ಉಳಿಯುತ್ತದೆ. ಪಂಪು ನಡೆಯುವಾಗ ಇನ್ನೊಂದು ಕೈಯಿಂದ ಎದೆಯನ್ನು ಮೇಲಿನಿಂದ ತೊಟ್ಟಿನ ಕಡೆಗೆ ನೀವುತ್ತಿದ್ದರೆ ಹಾಲು ಹೆಚ್ಚು ಬರುತ್ತದೆ ಎಂಬುದೂ ಅಧ್ಯಯನಗಳಲ್ಲಿ ಕಂಡ ಮಾತು.

ತೊಳೆಯುವುದರಲ್ಲಿ ಸಡಿಲ ಸಲ್ಲದು. ಅಮೆರಿಕದಲ್ಲಿ 2016ರಲ್ಲಿ ಅವಧಿಗೆ ಮೊದಲೇ ಹುಟ್ಟಿದ ಮಗುವೊಂದಕ್ಕೆ ಸರಿಯಾಗಿ ಶುಚಿ ಮಾಡದ ಪಂಪಿನಿಂದ ಕ್ರೋನೋಬ್ಯಾಕ್ಟರ್ ಎಂಬ ಅಪಾಯಕಾರಿ ಸೋಂಕು ತಗುಲಿತ್ತು. ಆಮೇಲೆ ಅಲ್ಲಿನ ಆರೋಗ್ಯ ಇಲಾಖೆ ಸ್ಪಷ್ಟ ನಿಯಮ ಬರೆಯಿತು. ಪ್ರತಿ ಸಲವೂ ಭಾಗಗಳನ್ನು ಬಿಡಿಸಿ ನೀರು ಹೊಯ್ದು, ಅದಕ್ಕೆಂದೇ ಇಟ್ಟ ಬೋಗುಣಿಯಲ್ಲಿ ಸೋಪಿನ ಬಿಸಿನೀರಿನಿಂದ ತೊಳೆದು, ಗಾಳಿಗೆ ಒಣಗಿಸುವುದು. ದಿನಕ್ಕೊಮ್ಮೆ ಐದು ನಿಮಿಷ ಕುದಿಸುವುದು. ಆಫೀಸಿನ ಸಿಂಕಿನ ಮೇಲೆ ನಂಬಿಕೆ ಇಲ್ಲದಿದ್ದರೆ ಎದೆಗೆ ತಾಗುವ ಭಾಗಗಳ ಇನ್ನೊಂದು ಜೊತೆಯನ್ನು ಮನೆಯಿಂದಲೇ ತನ್ನಿ. ಹಾಲು ತಾಗಿದ್ದನ್ನು ಸೆರಗಿಗೆ ಒರೆಸಿ ಮತ್ತೆ ಹಚ್ಚಬಾರದು.

ತೆಗೆದ ಹಾಲು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಾಲ್ಕು ತಾಸು ಇರುತ್ತದೆ. ಮಳೆಗಾಲದ ಖಾನಾಪುರದಲ್ಲಿ ಈ ಲೆಕ್ಕ ನಡೆಯುತ್ತದೆ. ಏಪ್ರಿಲ್ ಬಿಸಿಲಿನ ಬೆಳಗಾವಿ ಬಸ್ಸಿನಲ್ಲಿ ನಡೆಯುವುದಿಲ್ಲ. ಮಂಜುಗಡ್ಡೆಯ ಚೀಲ ಇಟ್ಟ ಸಣ್ಣ ಐಸ್ ಬಾಕ್ಸ್ ಇದ್ದರೆ ಒಂದು ದಿನಪೂರ್ತಿ ಚಿಂತೆಯಿಲ್ಲ, ಫ್ರಿಜ್ಜಿನಲ್ಲಿ ನಾಲ್ಕು ದಿನ. ಪಂಪಿಗೆ ಖರ್ಚು ಮಾಡುವ ದುಡ್ಡಿನಲ್ಲಿ ಐಸ್ ಬಾಕ್ಸಿಗೂ ಪಾಲು ಇಡಿ. ಇಟ್ಟ ಹಾಲಿನ ಮೇಲೆ ಕೆನೆ ನಿಲ್ಲುವುದು, ಒಮ್ಮೊಮ್ಮೆ ಸೋಪಿನ ವಾಸನೆ ಬರುವುದು ಸಹಜ, ಹಾಲು ಕೆಟ್ಟಿದೆ ಎಂದಲ್ಲ. ಕಾಯಿಸಬಾರದು, ಬಟ್ಟಲನ್ನು ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಿದರೆ ಸಾಕು.

ಯಂತ್ರದ ಮಾತು ಇಷ್ಟು. ಜಾಗದ ಮಾತು ಉಳಿಯಿತು. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಕೊಟ್ಟಿತು, 50 ಮಂದಿ ಮತ್ತು ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂದಿತು, ದಿನಕ್ಕೆ ನಾಲ್ಕು ಸಲ ತಾಯಿ ಅಲ್ಲಿಗೆ ಹೋಗಿಬರಬಹುದೆಂದಿತು. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲೂಡಿಸುವ ವಿರಾಮ ಮೊದಲಿನಿಂದಲೇ ಇದೆ. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇವನ್ನು ಉಳಿಸಿಕೊಂಡಿದೆ. ಹಾಲು ತೆಗೆದುಕೊಳ್ಳಲು ಚಿಲಕವಿರುವ ಕೋಣೆ ಕೊಡಬೇಕೆಂಬ ಮಾತು ಮಾತ್ರ ಆ ಕಾಯ್ದೆಯಲ್ಲಿ ಇಲ್ಲ. ಹತ್ತು ಜನರ ಅಂಗಡಿ, ಖಾಸಗಿ ಶಾಲೆ, ಸಣ್ಣ ನರ್ಸಿಂಗ್ ಹೋಮಿನಲ್ಲಿ ದುಡಿಯುವವಳಿಗೆ ಶಿಶುಪಾಲನಾ ಕೇಂದ್ರವೂ ಇಲ್ಲ. ಒಂದು ಕುರ್ಚಿ, ಒಂದು ಚಿಲಕ, ಕೈ ತೊಳೆಯುವ ನಲ್ಲಿ, ಒಂದು ಪ್ಲಗ್ ಪಾಯಿಂಟ್ ಇಷ್ಟನ್ನು ಯಾವ ಮಾಲೀಕರೂ ಒಂದೇ ದಿನದಲ್ಲಿ ಮಾಡಿಕೊಡಬಹುದು. ರಜೆ ಮುಗಿಸಿ ಬರುವ ಮೊದಲೇ ಕೇಳಿಟ್ಟುಕೊಳ್ಳಿ. ಶೌಚಾಲಯ ತೋರಿಸಿದರೆ ಒಪ್ಪಬೇಡಿ. ರಾಜ್ಯ ಸರ್ಕಾರ 2023ರಲ್ಲಿ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಸಾರಿತು. ಉದ್ಯೋಗ ಖಾತರಿಯ ಕೂಲಿಗೆ ಹೋಗುವ ತಾಯಂದಿರನ್ನು ನೆನೆದು ಮಾಡಿದ ಯೋಜನೆ ಅದು. ನಿಮ್ಮ ಪಂಚಾಯಿತಿಯಲ್ಲಿ ಅದು ನಡೆಯುತ್ತಿದೆಯೇ ಎಂದು ವಿಚಾರಿಸಿ.

ಕೆಲಸಕ್ಕೆ ಮರಳುವ ಎರಡು ವಾರ ಮುಂಚೆಯೇ ಮನೆಯಲ್ಲಿ ಅಭ್ಯಾಸ ಶುರುಮಾಡಬೇಕು, ಅತ್ತೆಗೂ ಕೂಸಿಗೂ. ಬಾಟಲಿ ಬೇಕಿಲ್ಲ. ನಮ್ಮ ಮನೆಗಳ ಒಳಲೆಯನ್ನು ಮಕ್ಕಳ ವೈದ್ಯರು ಇಂದಿಗೂ ಮೆಚ್ಚುತ್ತಾರೆ, ತೊಳೆಯಲು ಸುಲಭ, ಕುದಿಸಲೂ ಸುಲಭ. ಕೂಸನ್ನು ಮಲಗಿಸದೆ ತುಸು ನೆಟ್ಟಗೆ ಕೂರಿಸಿಕೊಂಡು, ತುಟಿಗೆ ಒಳಲೆ ತಾಗಿಸಿ, ನುಂಗಿದ ಮೇಲೆಯೇ ಮುಂದಿನ ಗುಟುಕು. ಸಂಜೆ ಗಾಡಿ ಖಾನಾಪುರ ಬಿಟ್ಟಾಗ ಮನೆಗೊಂದು ಫೋನು ಮಾಡಿದರೆ ಅತ್ತೆ ಆಮೇಲೆ ಒಳಲೆ ಹಿಡಿಯುವುದಿಲ್ಲ, ಮನೆ ಮುಟ್ಟುವ ಹೊತ್ತಿಗೆ ಕೂಸಿಗೆ ಹಸಿವೂ ಇರುತ್ತದೆ. ರಾತ್ರಿ ಎಷ್ಟು ಸಲ ಕೇಳಿದರೂ ಕೊಡಿ. ಹಗಲು ಪಂಪು ತೆಗೆಯಲಾಗದೆ ಉಳಿದದ್ದನ್ನು ಕೂಸು ತಾನೇ ಖಾಲಿ ಮಾಡುತ್ತದೆ; ಖಾಲಿಯಾದಷ್ಟೂ ಮರುದಿನಕ್ಕೆ ಹಾಲು ತಯಾರಾಗುತ್ತದೆ.