ಬೆಕ್ಕು ಬೇಕು, ಸೀನು ಬೇಡ!

ತೆನಾಲಿ ರಾಮಕೃಷ್ಣನ ಮನೆಯ ಬೆಕ್ಕು ಹಾಲನ್ನು ಕಂಡೊಡನೆ ಓಟ ಕೀಳುತ್ತಿದ್ದ ಕಥೆಯನ್ನು ಕೇಳದವರು ಕನ್ನಡ ನಾಡಿನಲ್ಲಿ ವಿರಳ. ಕುದಿಹಾಲಿಗೆ ಬಾಯಿಟ್ಟು ನಾಲಗೆ ಸುಟ್ಟುಕೊಂಡಿದ್ದ ಆ ಬೆಕ್ಕಿನ ಭಯಕ್ಕೆ ಕಾರಣವಿತ್ತು. ಆದರೆ ಬೆಕ್ಕಿನಿಂದ ಒಂದು ಪರಚುಗಾಯವನ್ನೂ ಪಡೆಯದೆ, ಅದರ ಮೇಲೆ ಅಪಾರ ಮಮತೆಯನ್ನಿಟ್ಟುಕೊಂಡೂ, ಅದು ಹತ್ತಿರ ಸುಳಿದೊಡನೆ ಮೂಗನ್ನು ಒರೆಸಿಕೊಳ್ಳುತ್ತ ದೂರ ಸರಿಯಬೇಕಾದ ಮನುಷ್ಯರು ಲೋಕದಲ್ಲಿ ಲಕ್ಷಾಂತರ ಮಂದಿ ಇದ್ದಾರೆ. ಅವರ ಪಾಲಿಗೆ ಬೆಕ್ಕು ಅಡ್ಡ ಬರುವುದು ಅಪಶಕುನವಲ್ಲ; ಅದು ಬಂದು ಮಡಿಲಲ್ಲಿ ಕೂರುವುದೇ ಸಂಕಟ!

ಸಾಲುಸಾಲಾಗಿ ಸೀನು, ನೀರಿಳಿಯುವ ಮೂಗು, ಕೆಂಪೇರಿ ತುರಿಸುವ ಕಣ್ಣು, ಬೆಕ್ಕು ನೆಕ್ಕಿದ ಕಡೆ ಎದ್ದು ನಿಲ್ಲುವ ದದ್ದು—ಇವು ಅದರ ಸಾಮಾನ್ಯ ಲಕ್ಷಣಗಳು. ಕೆಲವರಿಗೆ ಇಷ್ಟರಲ್ಲೇ ಮುಗಿಯುತ್ತದೆ. ಇನ್ನು ಕೆಲವರಿಗೆ ಎದೆ ಬಿಗಿದು, ಉಸಿರು ಸಿಳ್ಳಿಟ್ಟು, ಉಬ್ಬಸವೇ ಕಾಣಿಸಿಕೊಳ್ಳುತ್ತದೆ. ಆಗ ವೈದ್ಯರು ಹೇಳುವ ಮಾತು ಒಂದೇ: “ಬೆಕ್ಕನ್ನು ಮನೆಯಿಂದ ಕಳುಹಿಸಿಬಿಡಿ.” ಹೇಳುವುದು ಸುಲಭ. ಐದಾರು ವರ್ಷ ಜೊತೆಯಲ್ಲಿ ಬೆಳೆದ ಜೀವವನ್ನು ಕಳುಹಿಸುವುದಾದರೂ ಎಲ್ಲಿಗೆ?

ತಪ್ಪು ಕೂದಲಿನದಲ್ಲ

ಈ ತೊಂದರೆಗೆ ಬೆಕ್ಕಿನ ಕೂದಲೇ ಕಾರಣವೆಂದು ಬಹುಮಂದಿಯ ನಂಬಿಕೆ. ಇದು ಸರಿಯಲ್ಲ. ಬೆಕ್ಕಿನ ಜೊಲ್ಲಿನಲ್ಲಿಯೂ ಚರ್ಮದ ಜಿಡ್ಡಿನ ಗ್ರಂಥಿಗಳಲ್ಲಿಯೂ ಒಂದು ಬಗೆಯ ಪ್ರೋಟೀನು ಉತ್ಪತ್ತಿಯಾಗುತ್ತದೆ. ವಿಜ್ಞಾನಿಗಳು ಅದನ್ನು ‘ಫೆಲ್ ಡಿ 1’ ಎಂದು ಕರೆಯುತ್ತಾರೆ. ಬೆಕ್ಕು ಶುಚಿಪ್ರಿಯ ಪ್ರಾಣಿ. ದಿನದಲ್ಲಿ ಎಷ್ಟೋ ಹೊತ್ತು ತನ್ನ ಮೈಯನ್ನು ತಾನೇ ನೆಕ್ಕಿಕೊಳ್ಳುತ್ತದೆ. ಆ ಜೊಲ್ಲು ಒಣಗಿ, ಚರ್ಮದ ಸಣ್ಣ ಹೊಟ್ಟಿನೊಡನೆ ಉದುರಿ, ಗಾಳಿಯಲ್ಲಿ ಸೇರುತ್ತದೆ. ಹೀಗೆ ಸೇರಿದ ಕಣಗಳಲ್ಲಿ ಅನೇಕವು ಒಂದು ಮಿಲಿಮೀಟರಿನ ಸಾವಿರದ ಐದು ಭಾಗಕ್ಕಿಂತಲೂ ಕಿರಿದು. ಅವು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತವೆ. ಹಾಸಿಗೆ, ಪರದೆ, ಗೋಡೆ, ಉಡುಪುಗಳಿಗೆ ಅಂಟುತ್ತವೆ. ಬೆಕ್ಕು ಕಾಲಿಟ್ಟಿರದ ಶಾಲೆಗಳಲ್ಲಿಯೂ ಕಚೇರಿಗಳಲ್ಲಿಯೂ ಅವು ದೊರೆತಿವೆ. ಬೆಕ್ಕು ಸಾಕುವವರ ಬಟ್ಟೆಯೇ ಅವುಗಳ ವಾಹನ!

ಆದುದರಿಂದ ಕೂದಲಿಲ್ಲದ ತಳಿಯ ಬೆಕ್ಕನ್ನು ತಂದರೆ ಸೀನು ನಿಂತೀತೆಂಬ ಆಸೆ ವ್ಯರ್ಥ. ಆ ತಳಿಗೂ ಜೊಲ್ಲಿದೆ, ಚರ್ಮವಿದೆ. ಒಂದು ಬೆಕ್ಕಿನಿಂದ ಇನ್ನೊಂದಕ್ಕೆ ಈ ಪ್ರೋಟೀನಿನ ಪ್ರಮಾಣದಲ್ಲಿ ಬಹಳ ಅಂತರವುಂಟೆಂಬುದು ನಿಜ. ಬೀಜ ತೆಗೆಸದ ಗಂಡುಬೆಕ್ಕಿನಲ್ಲಿ ಅದು ಹೆಚ್ಚು. ಬೀಜ ತೆಗೆಸಿದ ಮೇಲೆ ಕಡಿಮೆಯಾಗುತ್ತದೆ. ಆದರೆ ಅದು ಸ್ವಲ್ಪವೂ ಇಲ್ಲದ ತಳಿಯೆಂಬುದು ಯಾವುದೂ ಇಲ್ಲ.

ಕಳ್ಳನಲ್ಲದವನನ್ನು ಹಿಡಿದ ಕಾವಲುಗಾರ

ಈ ಪ್ರೋಟೀನು ವಿಷವಲ್ಲ. ನೂರಕ್ಕೆ ಎಂಬತ್ತು ಮಂದಿಗಿಂತ ಹೆಚ್ಚಿನವರಿಗೆ ಅದರಿಂದ ಯಾವ ಬಾಧೆಯೂ ಇಲ್ಲ. ಹಾಗಾದರೆ ಉಳಿದವರಿಗೇಕೆ ಈ ಶಿಕ್ಷೆ?

ದೇಹಕ್ಕೆ ತನ್ನದೇ ಆದ ಕಾವಲು ಪಡೆಯೊಂದುಂಟು. ರೋಗಾಣುಗಳನ್ನು ಗುರುತಿಸಿ ಹೊಡೆದಟ್ಟುವುದು ಅದರ ಕೆಲಸ. ಕೆಲವರ ದೇಹದಲ್ಲಿ ಈ ಕಾವಲುಗಾರನು ನಿರುಪದ್ರವಿಯಾದ ಅತಿಥಿಯನ್ನೇ ಕಳ್ಳನೆಂದು ಭ್ರಮಿಸಿ ಊರೆಲ್ಲ ಎಚ್ಚರಗೊಳ್ಳುವಂತೆ ಕೂಗೆಬ್ಬಿಸುತ್ತಾನೆ. ಮೂಗು, ಕಣ್ಣು, ಶ್ವಾಸನಾಳಗಳ ಒಳಪದರದಲ್ಲಿರುವ ಕೆಲವು ಜೀವಕೋಶಗಳು ಒಡನೆಯೇ ಹಿಸ್ಟಮೀನ್ ಎಂಬ ವಸ್ತುವನ್ನು ಸುರಿಸುತ್ತವೆ. ನೀರು ಸುರಿಯುವುದೂ ತುರಿಸುವುದೂ ಊದುವುದೂ ಮುಖ್ಯವಾಗಿ ಅದರ ಫಲ. ಈ ವಿಚಿತ್ರ ವರ್ತನೆಗೆ ‘ಅಲರ್ಜಿ’ ಎಂಬ ಹೆಸರನ್ನು 1906ರಲ್ಲಿ ಕೊಟ್ಟವನು ವಿಯೆನ್ನಾ ನಗರದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ಕೂಗೆಬ್ಬಿಸುವ ‘ಐಜಿಇ’ ಎಂಬ ಪ್ರತಿಕಾಯವನ್ನು 1966–67ರಲ್ಲಿ ಅಮೆರಿಕೆಯಲ್ಲಿದ್ದ ಜಪಾನಿ ದಂಪತಿಗಳಾದ ಕಿಮಿಶಿಗೆ ಮತ್ತು ತೆರುಕೊ ಇಶಿಝಾಕಾ, ಹಾಗೂ ಸ್ವೀಡನ್ನಿನ ಯೋಹಾನ್ಸನ್ ಮತ್ತು ಬೆನ್ನಿಚ್, ಪ್ರತ್ಯೇಕವಾಗಿ ಪತ್ತೆಹಚ್ಚಿದರು.

ಹೆಸರು ಹುಟ್ಟುವುದಕ್ಕೆ ಮೊದಲೇ ಇದರ ಮರ್ಮವನ್ನು ಊಹಿಸಿದವರೂ ಇದ್ದರು. 1552ರಲ್ಲಿ ಸ್ಕಾಟ್ಲೆಂಡಿನ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ನನ ಉಬ್ಬಸಕ್ಕೆ ಚಿಕಿತ್ಸೆ ಮಾಡಲು ಇಟಲಿಯ ವೈದ್ಯನೂ ಗಣಿತಜ್ಞನೂ ಆದ ಜೆರೊಲಾಮೊ ಕಾರ್ಡಾನೊ ಎಡಿನ್‌ಬರೋಗೆ ಹೋದನು. ಅವನು ಮಾಡಿದ ಬದಲಾವಣೆಗಳಲ್ಲಿ ಒಂದು, ಹಕ್ಕಿಯ ಪುಕ್ಕದ ಹಾಸಿಗೆಯನ್ನು ತೆಗೆಸಿ ಹಾಕಿದ್ದು. ರೋಗಿ ಚೇತರಿಸಿಕೊಂಡನು. ಒಗ್ಗದ ವಸ್ತುವನ್ನು ಮಲಗುವ ಜಾಗದಿಂದ ದೂರ ಮಾಡು—ಈ ಸೂತ್ರ ಇಂದಿಗೂ ಹಳತಾಗಿಲ್ಲ.

ಅಪರಾಧಿ ಬೆಕ್ಕೇ ಹೌದೆ?

ಬೆಕ್ಕಿಗೆ ಶಿಕ್ಷೆ ವಿಧಿಸುವ ಮುನ್ನ ವಿಚಾರಣೆಯಾದರೂ ನಡೆಯಬೇಡವೆ? ಹಾಸಿಗೆಯಲ್ಲಿರುವ ಧೂಳಿನ ನುಸಿ, ಅಡುಗೆಮನೆಯ ಜಿರಲೆ, ಗೋಡೆಯ ಬೂಷ್ಟು, ಬೆಂಗಳೂರಿನಂಥ ಊರುಗಳ ಖಾಲಿ ನಿವೇಶನಗಳಲ್ಲಿ ಹಬ್ಬಿರುವ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಹುಲ್ಲಿನ ಪರಾಗ—ಇವೂ ಇಂಥದೇ ಸೀನನ್ನು ತರಬಲ್ಲವು. ಎಷ್ಟೋ ಮನೆಗಳಲ್ಲಿ ಬೆಕ್ಕು ಹೊರಟುಹೋದರೂ ನೆಗಡಿ ನಿಲ್ಲದಿರುವುದಕ್ಕೆ ಇದೇ ಕಾರಣ.

ನಿಜಾಂಶವನ್ನು ತಿಳಿಯಲು ಚರ್ಮದ ಪರೀಕ್ಷೆಯೊಂದುಂಟು. ಮುಂದೋಳಿನ ಮೇಲೆ ಬೇರೆ ಬೇರೆ ವಸ್ತುಗಳ ಸಾರದ ಹನಿಗಳನ್ನಿಟ್ಟು ಸೂಜಿಯ ಮೊನೆಯಿಂದ ಮೆಲ್ಲಗೆ ಚುಚ್ಚುತ್ತಾರೆ. 15–20 ನಿಮಿಷಗಳಲ್ಲಿ ಒಗ್ಗದ ವಸ್ತುವಿನ ಜಾಗದಲ್ಲಿ ಸೊಳ್ಳೆ ಕಚ್ಚಿದಂತೆ ದದ್ದು ಏಳುತ್ತದೆ. ರಕ್ತಪರೀಕ್ಷೆಯಿಂದಲೂ ಇದನ್ನು ತಿಳಿಯಬಹುದು.

ಒಂದೇ ಸೂರಿನಡಿ ಇಬ್ಬರ ಬಾಳು

ಹಿಂದಿನ ಹೆಂಚಿನ ಮನೆಗಳಲ್ಲಿ ಬೆಕ್ಕು ಅಟ್ಟದ ಮೇಲೆ ಇಲಿ ಹಿಡಿದು, ಒಲೆಯ ಬದಿಯಲ್ಲಿ ಮಲಗಿ, ಹಿತ್ತಿಲು ಅಂಗಳಗಳಲ್ಲಿ ಅಲೆದು ಬರುತ್ತಿತ್ತು. ಗಾಳಿಗೆ ಕೊರತೆಯಿರಲಿಲ್ಲ. ಇಂದು ನಗರದ ಬಹುಮಹಡಿ ಮನೆಗಳಲ್ಲಿ ಮುಚ್ಚಿದ ಕಿಟಕಿಯ ಹಿಂದೆ ಹಗಲಿರುಳೂ ಅದು ಮನುಷ್ಯನ ಜೊತೆಗೇ ಇರುತ್ತದೆ. ಅವನ ಸೋಫಾದಲ್ಲಿ ಕೂರುತ್ತದೆ, ಅವನ ದಿಂಬಿನ ಮೇಲೆ ಮಲಗುತ್ತದೆ.

ಆದ್ದರಿಂದ ಮೊದಲ ಕಟ್ಟಳೆ ಇದು: ಮಲಗುವ ಕೋಣೆಗೆ ಬೆಕ್ಕಿನ ಪ್ರವೇಶ ಕೂಡದು. ಮನುಷ್ಯನು ದಿನದ ಮೂರನೆಯ ಒಂದು ಭಾಗವನ್ನು ಅಲ್ಲಿಯೇ ಕಳೆಯುತ್ತಾನಷ್ಟೆ. ಬಾಗಿಲ ಹೊರಗೆ ನಿಂತು ‘ಮಿಯಾಂವ್’ ಎಂದು ಕರೆಯುವ ಬೆಕ್ಕಿನ ಮುಂದೆ ಮನಸ್ಸನ್ನು ಗಟ್ಟಿಮಾಡಿಕೊಳ್ಳುವುದೇ ಈ ವ್ರತದ ಕಠಿಣ ಭಾಗ! ರತ್ನಗಂಬಳಿ, ದಪ್ಪ ಪರದೆಗಳು ಆ ಕಣಗಳ ಭಂಡಾರ; ಬರಿಯ ನೆಲವೇ ಮೇಲು. ಒಣ ಪೊರಕೆ ಧೂಳನ್ನೆಬ್ಬಿಸುತ್ತದೆ. ಒದ್ದೆ ಬಟ್ಟೆಯಿಂದ ಒರೆಸಬೇಕು. ಬೆಕ್ಕನ್ನು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಕಣ್ಣುಜ್ಜಬಾರದು. ಅದರ ಮೈ ಬಾಚುವ, ಮಲದ ತಟ್ಟೆಯನ್ನು ತೊಳೆಯುವ ಕೆಲಸ ಮನೆಯಲ್ಲಿ ಸೀನದವರ ಪಾಲಿಗಿರಲಿ. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ನೂರಕ್ಕೆ 99.97ರಷ್ಟನ್ನು ತಡೆಯುವ ‘ಹೆಪಾ’ ಶೋಧಕದ ಯಂತ್ರ ಗಾಳಿಯಲ್ಲಿ ತೇಲುವುದನ್ನು ತಗ್ಗಿಸುತ್ತದೆ; ಹಾಸಿಗೆಗೆ ಅಂಟಿದುದನ್ನು ಅದು ಮುಟ್ಟಲಾರದು. ಬೆಕ್ಕಿಗೆ ಸ್ನಾನ ಮಾಡಿಸಿದರೆ ಪ್ರೋಟೀನು ಇಳಿಯುವುದು ನಿಜವಾದರೂ ವಾರ ಕಳೆಯುವುದರೊಳಗೆ ಮತ್ತೆ ಮೊದಲಿನಂತೆಯೇ. ನೀರನ್ನು ಕಂಡರಾಗದ ಪ್ರಾಣಿಯೊಡನೆ ಪ್ರತಿವಾರ ಕುಸ್ತಿ ಹಿಡಿಯುವ ಎದೆಗಾರಿಕೆ ಎಷ್ಟು ಮಂದಿಗಿದೆ?

ಇದಲ್ಲದೆ ಹೊಸ ಉಪಾಯವೊಂದು 2020ರಿಂದ ಕೆಲವು ದೇಶಗಳ ಮಾರುಕಟ್ಟೆಗೆ ಬಂದಿದೆ. ಈ ಪ್ರೋಟೀನನ್ನು ಕಟ್ಟಿಹಾಕಬಲ್ಲ ಪ್ರತಿಕಾಯವು ಕೋಳಿಮೊಟ್ಟೆಯಲ್ಲಿ ದೊರೆಯುತ್ತದೆ. ಅದನ್ನು ಬೆರೆಸಿದ ಆಹಾರವನ್ನು ತಿಂದ ಬೆಕ್ಕುಗಳ ಕೂದಲಿನಲ್ಲಿ ಮೂರನೆಯ ವಾರದಿಂದ ಸರಾಸರಿ ನೂರಕ್ಕೆ 47ರಷ್ಟು ಇಳಿತ ಕಂಡುಬಂದಿತೆಂದು ತಯಾರಕರ ವಿಜ್ಞಾನಿಗಳೇ ವರದಿಮಾಡಿದ್ದಾರೆ. ಇಳಿತವೇ ಹೊರತು ನಿರ್ಮೂಲನವಲ್ಲ.

ಔಷಧ ಎಲ್ಲಿಯವರೆಗೆ?

ಹಿಸ್ಟಮೀನನ್ನು ಎದುರಿಸುವ ಮೊದಲ ವಸ್ತುವನ್ನು 1937ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಕಂಡುಹಿಡಿದವನು ಡೇನಿಯಲ್ ಬೋವೆ. 1957ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಹಳೆಯ ಮಾತ್ರೆಗಳು ತೂಕಡಿಕೆ ತರುತ್ತಿದ್ದವು. ಈಚಿನವುಗಳಲ್ಲಿ ಅದು ಕಡಿಮೆ. ದಿನವೂ ಕಾಡುವ ಮೂಗಿನ ತೊಂದರೆಗೆ ವೈದ್ಯರು ಮೂಗಿಗೆ ಸಿಂಪಡಿಸುವ ಔಷಧಗಳನ್ನೂ ಕೊಡುತ್ತಾರೆ. ಒಗ್ಗದ ವಸ್ತುವನ್ನೇ ಅಲ್ಪಪ್ರಮಾಣದಲ್ಲಿ ಚುಚ್ಚಿ ದೇಹವನ್ನು ಪಳಗಿಸುವ ವಿಧಾನವನ್ನು 1911ರಲ್ಲಿ ಲಂಡನ್ನಿನ ಲಿಯೊನಾರ್ಡ್ ನೂನ್ ಹುಲ್ಲಿನ ಪರಾಗದಿಂದ ಆರಂಭಿಸಿದನು. ಬೆಕ್ಕಿನ ವಿಷಯದಲ್ಲಿಯೂ ಇದು ನಡೆಯುತ್ತದೆ. ಆದರೆ ಮೂರರಿಂದ ಐದು ವರ್ಷದ ತಾಳ್ಮೆ ಬೇಕು. ತಜ್ಞರ ಕಣ್ಣೆದುರಿನಲ್ಲೇ ಆಗಬೇಕು. ಹತೋಟಿಗೆ ಬಾರದ ಉಬ್ಬಸವಿರುವವರಿಗೆ ಅದು ಅಪಾಯಕಾರಿ.

ಸೀನಿನೊಡನೆ ರಾಜಿ ಮಾಡಿಕೊಳ್ಳಬಹುದು, ಉಸಿರಿನೊಡನೆ ರಾಜಿಯಿಲ್ಲ. ಇಷ್ಟೆಲ್ಲ ಎಚ್ಚರಿಕೆಯ ನಂತರವೂ ರಾತ್ರಿ ಎದೆ ಬಿಗಿಯುತ್ತಿದ್ದರೆ, ಅದರಲ್ಲೂ ಉಬ್ಬಸವಿರುವುದು ಮನೆಯ ಮಗುವಿಗಾದರೆ, ಬೆಕ್ಕಿಗೆ ಬೇರೆ ಮನೆ ನೋಡುವುದೇ ಧರ್ಮ. ಬೇರೆ ಮನೆಯೆಂದರೆ ಅದನ್ನು ಬಲ್ಲವರ, ಒಲ್ಲೆನೆನ್ನದವರ ಮನೆ. ಚೀಲದಲ್ಲಿ ಕಟ್ಟಿ ಮಾರುಕಟ್ಟೆಯ ಹಿಂದೆ ಬಿಟ್ಟು ಬರುವುದಲ್ಲ. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ನಿಷ್ಕಾರಣವಾಗಿ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧವೂ ಹೌದು.

ಬೆಕ್ಕು ಹೋದ ಮರುದಿನವೇ ಮೂಗು ಹಗುರಾಗಲಿಲ್ಲವೆಂದು ನಿರಾಶರಾಗಬೇಕಿಲ್ಲ. ಅದು ಬಿಟ್ಟುಹೋದ ಕಣಗಳು ಮನೆಯಿಂದ ತೊಲಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಹಿಡಿಯುತ್ತದೆ. ಹೊಸದಾಗಿ ಮರಿಯೊಂದನ್ನು ಮನೆಗೆ ತರಬೇಕೆಂದಿರುವವರು ಮಾತ್ರ ಮೊದಲೇ ನಾಲ್ಕು ದಿನ ಬೆಕ್ಕಿರುವ ಬಂಧುಗಳ ಮನೆಗೆ ಮಕ್ಕಳೊಡನೆ ಹೋಗಿ ಬರುವುದು ಜಾಣತನ. ಮರಿ ಮಡಿಲೇರಿದ ಮೇಲೆ ಅದನ್ನು ಇಳಿಸುವ ಮನಸ್ಸು ಯಾರಿಗೆ ಬಂದೀತು?